ಒಂದು ಪದಾ ಹಾಡ್ರಿ ಮಾಸ್ತರ್ರ

ನನಗೆ ಹುಟ್ಟಿನಿಂದ ಕಣ್ಣಿಲ್ಲ. ನಮ್ಮ ಸೀಮೆಯಲ್ಲಿ ಕಣ್ಣಿಲ್ಲದವನು ಎಲ್ಲಿ ಕುಳಿತರೂ ಸ್ವಲ್ಪ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: "ಒಂದು ಪದಾ ಹಾಡ್ರಿ." ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಕೇಳಿದ್ದಾರೆ, ಸಂತೆಯ ಚಹಾದಂಗಡಿಯಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋಗಿ ದವಡೆ ಹಿಡಿದುಕೊಂಡು ಕೂತಿದ್ದಾಗ ಪಕ್ಕದವರೊಬ್ಬರು, "ಹಲ್ಲು ಕಿತ್ತ ಮ್ಯಾಲೆ ಬಾಯಿ ಬಿಡಾಕ ಆಗಂಗಿಲ್ರಿ, ಈಗ ಹಾಡಿಬಿಡ್ರಿ" ಎಂದರು. ಎಂಥ ಕಾಳಜಿ!

ಕಣ್ಣು ಹೋದ ಕಡೆ ಕಂಠ ಬರುತ್ತದೆಂದು ಇವರಿಗೆ ಯಾರು ಹೇಳಿದರೋ, ಆ ಕುತೂಹಲ ನನಗೆ ಇಂದಿಗೂ ತೀರಿಲ್ಲ. ಕಣ್ಣಿಲ್ಲದ ದೊಡ್ಡ ಗವಾಯಿಗಳು ನಮ್ಮ ಕಡೆ ಆಗಿಹೋಗಿದ್ದಾರೆ, ನಿಜ. ಅವರು ವರ್ಷಗಟ್ಟಲೆ ಗಂಟಲು ಸವೆಸಿ ಕಲಿತರು. ನಾನು ಏನೂ ಕಲಿಯಲಿಲ್ಲ. ಆದರೂ ಅವರ ಹೆಸರಿನಲ್ಲಿ ನಾನೂ ಹಾಡಬೇಕು.

ಹಾಡುತ್ತಲೂ ಇದ್ದೆ. ಸಣ್ಣವನಿದ್ದಾಗ ಮನೆಗೆ ಯಾರೇ ಬಂದರೂ ಅವ್ವ ನನ್ನನ್ನು ಚಾಪೆಯ ಮೇಲೆ ಕೂಡಿಸಿ ಹಾಡಿಸುತ್ತಿದ್ದಳು. ಬಂದವರು ಮೂಗು ಎಳೆಯುವುದು, ಸಣ್ಣಗೆ ಬಿಕ್ಕುವುದು ನನಗೆ ಕೇಳಿಸುತ್ತಿತ್ತು. "ಎಷ್ಟು ಛಂದ ಹಾಡಿದಿ ಮಗನ" ಎಂದು ಅವ್ವ ತಲೆ ಸವರುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆ ಆಗ ನನಗೆ ಗೊತ್ತಿರಲಿಲ್ಲ. ಊರೆಲ್ಲ ಅಳುತ್ತಿದೆಯೆಂದರೆ ನನ್ನ ಕಂಠದಲ್ಲಿ ಏನೋ ಇದೆ ಎಂದೇ ನಂಬಿದೆ.

ಒಂದೆರಡು ಸಂಶಯಗಳು ಮಾತ್ರ ಇದ್ದವು. ಎರಡನೇ ಹಾಡನ್ನು ಯಾರೂ ಕೇಳುತ್ತಿರಲಿಲ್ಲ. ನಾನು ದೊಡ್ಡವನಾಗಿ ಮಾಸ್ತರನಾದ ಮೇಲೂ ಊರ ಸಭೆಗಳಲ್ಲಿ ಮೊದಲನೆಯದು ಮುಗಿಯುತ್ತಲೇ ಶಾಲು ಹೊದಿಸಿ, "ಮಾಸ್ತರು ದಣದಾರ, ಊಟಕ್ಕ ಕರ್ಕೊಂಡ್ ಹೋಗ್ರಿ" ಎನ್ನುತ್ತಿದ್ದರು. ಒಮ್ಮೆ ನನ್ನ ಹಾಡನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಫೋನು ಕೆಟ್ಟಿದೆ ಎಂದುಕೊಂಡೆ.

ನಾನು ಹಿರೇಕೆರೂರು ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತೇನೆ. ಸಿಟ್ಟಿನ ಮನುಷ್ಯ, ತರಗತಿಯಲ್ಲಿ ಪಿಸುಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ನಮ್ಮ ಹೆಡ್ ಮಾಸ್ತರರು ಪ್ರತಿ ಪರೀಕ್ಷೆಯ ಮುಂಚೆ ನನ್ನನ್ನು ವೇದಿಕೆ ಹತ್ತಿಸಿ, "ನೋಡ್ರಲೇ, ಇವರಿಗೆ ಕಣ್ಣಿಲ್ಲ, ಆದ್ರೂ ಎಂ.ಎ. ಮಾಡ್ಯಾರ. ನಿಮಗ ಎರಡೆರಡು ಕಣ್ಣದಾವ, ಪಾಸಾಗಾಕ ಏನ್ ಧಾಡಿ?" ಎನ್ನುತ್ತಿದ್ದರು. ಆಮೇಲೆ ನನ್ನ ಹಾಡು. ನನ್ನ ಪಾಠ ಹೇಗಿದೆಯೆಂದು ಅವರು ಒಮ್ಮೆಯಾದರೂ ಕೇಳಲಿ ಎಂದು ನಾನು ಬಹಳ ಆಸೆಪಟ್ಟಿದ್ದೇನೆ.

ಹೀಗಿರುವಾಗ ನಮ್ಮ ಸೋದರಮಾವ ಒಂದು ಸಂಬಂಧ ತಂದ. ಹುಡುಗಿ ಶಿಗ್ಗಾವಿಯವಳು, ಹಾನಗಲ್ಲಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. "ಸಾಕ್ಷಾತ್ ದೇವರಪಾ ಆಕಿ. ಕಣ್ಣಿಲ್ಲದಾಂವ ಅಂತ ಹೇಳಿದ್ರೂ ನೋಡಾಕ ಬರ್ರಿ ಅಂದಾಳ. ಎಂಥಾ ತ್ಯಾಗ!" ಎಂದು ಮಾವ ಕುಣಿದ. ನನಗೆ ಹೆಂಡತಿ ಬೇಕಾಗಿತ್ತು, ಜೀವಕ್ಕಿಂತ ಹೆಚ್ಚಾಗಿ ಬೇಕಾಗಿತ್ತು. ಆದರೆ ನನ್ನನ್ನು ಕಟ್ಟಿಕೊಂಡು ಪುಣ್ಯ ಗಳಿಸುವವಳ ಜೊತೆ ಸಂಸಾರ ಮಾಡುವುದು ಹೇಗೆ? ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವುದಕ್ಕೂ ನನಗೆ ಬಾಯಿ ಇರುವುದಿಲ್ಲ. ಅವಳು ಒಪ್ಪುವುದು ನನ್ನನ್ನೋ, ನನ್ನ ಕುರುಡುತನವನ್ನೋ? ಇದೊಂದನ್ನು ತಿಳಿದುಕೊಳ್ಳಬೇಕು, ಪುಣ್ಯಕ್ಕೆಂದಾದರೆ ಬೇಡವೆಂದು ಹೇಳಿ ಬರಬೇಕು ಎಂದು ಗಟ್ಟಿ ಮಾಡಿಕೊಂಡೇ ಹೊರಟೆ.

ಶಿಗ್ಗಾವಿಯ ಮನೆಯಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ಕೊಟ್ಟರು. ಮಿರ್ಚಿ ಇನ್ನೂ ಬಾಯಲ್ಲಿತ್ತು, ಹುಡುಗಿಯ ದೊಡ್ಡಪ್ಪ ಶುರು ಮಾಡಿದ: "ಮಾಸ್ತರ್ರ, ಒಂದು ಪದಾ ಹಾಡ್ರಿ." ಹಾಡಿದೆ. ಎಂದಿನಂತೆ ಮೂಗುಗಳು ಸೊರಸೊರ ಎಂದವು. ಅವಳ ತಾಯಿ ಬಿಕ್ಕಿದರು. "ಇಂಥಾ ಗಂಡನ ಸೇವಾ ಮಾಡಾಕ ಪುಣ್ಯಾ ಮಾಡಿರಬೇಕು" ಎಂದ ದೊಡ್ಡಪ್ಪ. ನಾನು, "ಹುಡುಗಿ ಜೋಡಿ ಎರಡು ಮಾತು ಆಡಬೇಕ್ರಿ" ಎಂದೆ.

ಹಿತ್ತಲಿಗೆ ಹೋಗುವಾಗ ಅವಳು, "ಕೈ ಹಿಡೀಲೇನ್ರಿ, ಇಲ್ಲಾ ನೀವ ಬರ್ತೀರಿ?" ಎಂದು ಕೇಳಿದಳು. ಯಾರೂ ಹಾಗೆ ಕೇಳುವುದಿಲ್ಲ, ಸೀದಾ ರಟ್ಟೆ ಹಿಡಿದು ಎಳೆಯುತ್ತಾರೆ. ನಾನೇ ಬರುತ್ತೇನೆಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಸುತ್ತು ಬಳಸದೆ ಕೇಳಿದೆ: "ಯಾಕ ಒಪ್ಪಿದ್ರಿ ನನ್ನ?"

"ಎಲ್ಲಿ ಒಪ್ಪೇನ್ರಿ ಇನ್ನೂ? ನೋಡಾಕ ಬರ್ರಿ ಅಂದೇನಿ."

"ನಮ್ಮ ಮಾವ ಹೇಳಿದ್ರು, ನೀವು ದೇವರಂಥಾಕಿ ಅಂತ."

ಅವಳು ನಕ್ಕಳು. "ದೇವರಾ? ಚಿಲ್ಲರಿ ಸಲುವಾಗಿ ದಿನಾ ಜಗಳಾ ಮಾಡೋ ದೇವರೇನ್ರಿ? ನಮ್ಮ ಅಕ್ಕನ್ನ ನಿಮ್ಮ ಕಡೀನ ಕೊಟ್ಟಾರ, ಆಕಿ ಮಗಳು ನಿಮ್ಮ ಸಾಲಿಗೇ ಬರ್ತಾಳ. ನೀವು ಪಾಠ ಛಲೋ ಮಾಡ್ತೀರಂತ, ಆದ್ರ ಭಾಳ ಬೈತೀರಂತ. ನನಗೂ ಬಾಯಿ ಸಣ್ಣದಲ್ಲ. ಇಬ್ಬರಿಗೂ ಹೊಂದತೈತೋ ಇಲ್ಲೋ ಅಂತ ಅದ ಚಿಂತಿ ಮಾಡಾಕತ್ತೇನಿ." ಹಾಗೆಯೇ ಮುಂದುವರಿದು, "ಒಂದು ಕೇಳ್ತೇನಿ, ಸಿಟ್ಟಾಗಬಾರದು. ಮನ್ಯಾಗೂ ಹಾಡ್ತೀರೇನು?" ಎಂದಳು.

"ಬೇಕಂದ್ರ ಹಾಡ್ತೇನಿ" ಎಂದೆ, ದೊಡ್ಡ ಉದಾರಿಯ ಹಾಗೆ.

"ಬ್ಯಾಡ್ರಿ. ಭಾಳ ಬೇಸೂರ ಐತಿ, ಸ್ವರಾನ ಕೂಡಂಗಿಲ್ಲ."

ಸಿಟ್ಟು ನೆತ್ತಿಗೇರಿತು. ಇಡೀ ತಾಲೂಕು ಶಾಲು ಹೊದಿಸಿದ ಕಂಠ ನನ್ನದು! "ಏನ್ ಮಾತಾಡ್ತೀರಿ? ಒಳಗ ನಿಮ್ಮವರೆಲ್ಲಾ ಅತ್ರಲ್ಲಾ, ಅದೇನು ಸುಳ್ಳೇನು?"

"ಅತ್ತದ್ದು ಖರೇನ. ನಿಮ್ಮ ಮುಖಾ ನೋಡಿ ಅತ್ರು. ಹಾಡು ಯಾರು ಕೇಳ್ಯಾರ?"

ಅಷ್ಟು ವರ್ಷ ನನ್ನ ಮುಂದೆ ಕೂತವರೆಲ್ಲ ಬರೀ ನೋಡಿದ್ದರು. ಅವಮಾನವಾಯಿತು. ಅದರ ಹಿಂದೆಯೇ, ಯಾಕೋ ಏನೋ, ಎದೆ ಹಗುರವಾಯಿತು. ಫೋನು ಕೆಟ್ಟಿರಲಿಲ್ಲ ಎನ್ನುವುದು ಹೊಳೆದು ನಗು ಬಂದುಬಿಟ್ಟಿತು. ಅವಳೂ ನಕ್ಕಳು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನನ್ನ ಒಪ್ಪಿಗೆಯನ್ನು ಅವಳಿಗೆ ಅಲ್ಲೇ ಹೇಳಿದೆ. ತನ್ನದನ್ನು ಹೇಳಲು ಅವಳು ಒಂದು ವಾರ ತೆಗೆದುಕೊಂಡಳು. ಆ ವಾರ ನಾನು ತರಗತಿಯಲ್ಲಿ ಯಾರನ್ನೂ ಬೈಯಲಿಲ್ಲ. ಅಕ್ಕನ ಮಗಳು ಮನೆಗೆ ಸುದ್ದಿ ಮುಟ್ಟಿಸುತ್ತಾಳೆಂದು ಗೊತ್ತಿತ್ತು.

ಶಿಗ್ಗಾವಿಯಿಂದ ಹಿಂದಿರುಗುವ ಬಸ್ಸಿನಲ್ಲೇ ಒಬ್ಬ ಹಿರಿಯರು ಪದ ಕೇಳಿದ್ದರು. "ನನಗ ಹಾಡಾಕ ಬರಂಗಿಲ್ರಿ" ಎಂದು ಜೀವನದಲ್ಲಿ ಮೊದಲ ಸಲ ಹೇಳಿದೆ. ಅವರು ನನ್ನ ತೊಡೆ ತಟ್ಟಿ, "ಎಂಥಾ ವಿನಯ ನೋಡ್ರಿ!" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. ಏನು ಮಾಡುತ್ತೀರಿ?

ಮದುವೆಯ ದಿನ ಅಕ್ಷತೆ ಬೀಳುತ್ತಲೇ ಪೆಂಡಾಲಿನಿಂದ ಕೂಗು ಎದ್ದಿತು: "ಮದುಮಗ ಒಂದು ಪದಾ ಹಾಡ್ಲಿ!" ಯಾರೋ ನನ್ನ ಕೈಗೆ ಮೈಕು ತುರುಕಿದರು. ಅವಳು ಅದನ್ನು ಕಿತ್ತುಕೊಂಡು, ತುಂಬಿದ ಬಸ್ಸಿನಲ್ಲಿ ಜನರನ್ನು ಮುಂದೆ ಸರಿಸುವ ಆ ದನಿಯಲ್ಲಿ, "ಹಾಡಂಗಿಲ್ರಿ. ಊಟಕ್ಕ ನಡೀರಿ, ನಡೀರಿ" ಎಂದಳು. ಜನ ಗೊಣಗುತ್ತ ಎದ್ದರು. ಆಗ ಅವಳ ಕಡೆಯ ಅಜ್ಜಿಯೊಬ್ಬಳು ಹತ್ತಿರ ಬಂದು ಅವಳ ಕೆನ್ನೆ ಹಿಡಿದು, "ನಿನ್ನ ತ್ಯಾಗ ಭಾಳ ದೊಡ್ಡದವ್ವಾ" ಎಂದು ಅಳತೊಡಗಿದಳು.

"ನನ್ನದೇನು ತ್ಯಾಗ ಬಿಡಜ್ಜಿ," ಎಂದಳು ನನ್ನ ಹೆಂಡತಿ. "ಹಾಡು ಬಿಟ್ಟವರು ಇವರು."

ಅಜ್ಜಿ ಇನ್ನಷ್ಟು ಜೋರಾಗಿ ಅತ್ತಳು. ನಾವಿಬ್ಬರೂ ನಗು ತಡೆಯಲಾರದೆ ತಲೆ ತಗ್ಗಿಸಿದೆವು, ಬಾಸಿಂಗಕ್ಕೆ ಬಾಸಿಂಗ ಬಡಿಯಿತು.