ಬಚ್ಚಲ ನೀರಿನ ಕೇದಿಗೆ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ದಿನ ಬಿಸಿಲಿತ್ತೋ ಮೋಡವಿತ್ತೋ ಹೇಳಲಾರೆ. ತೊಂಬತ್ತರ ದಶಕದ ಮೊದಲ ವರ್ಷಗಳು, ನಾನಿನ್ನೂ ಶಾಲೆಯ ಹುಡುಗಿ. ಅವ್ವ, ಚಿಗವ್ವ, ನಾನು ಕೇದಿಗೆ ಸಸಿ ತರಲು ಸಂಪಗಾಂವದ ಕಡೆಯ ಹಳ್ಳಕ್ಕೆ ಹೋಗಿದ್ದೆವು.

ಚಿಗವ್ವ ಅವ್ವನ ತಂಗಿ. ಗಂಡ ಸವದತ್ತಿಯ ಮನೆಯಿಂದ ಕಳಿಸಿದ ಮೇಲೆ ಬೈಲಹೊಂಗಲದಲ್ಲಿ ನಮ್ಮೊಂದಿಗೇ ಇದ್ದಳು. 'ಬಂದು ಕರಕೊಂಡು ಹೋಗತೇನಿ' ಎಂದಿದ್ದನಂತೆ. ಅವಳ ಮದುವೆಯಲ್ಲಿ ಹೆರಳಿಗೆ ಕೇದಿಗೆ ಮುಡಿಸಿದ್ದರು. ಅವನು ಬಂದ ದಿನ ಹಿತ್ತಲ ಕೇದಿಗೆಯನ್ನೇ ಮುಡಿದು ಹೋಗಬೇಕೆಂಬುದು ಅವಳ ಆಸೆ.

ಕೇದಿಗೆ ಘಮ ಇದ್ದಲ್ಲಿ ಹಾವಿರುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಹಳ್ಳದಲ್ಲಿ ಎರಡು ಮೆಳೆಗಳಿದ್ದವು. ಒಂದರ ಘಮ ದೂರದಿಂದಲೇ ಬರುತ್ತಿತ್ತು, ಇನ್ನೊಂದಕ್ಕೆ ವಾಸನೆಯೇ ಇರಲಿಲ್ಲ.

'ವಾಸನಿ ಇಲ್ಲದ್ದರಾಗಿಂದ ಕೀಳು, ಹಾವ ಇರಂಗಿಲ್ಲ. ದೊಡ್ಡದಾದ್ರ ತಾನ ಹೂ ಬಿಡತೈತಿ.'

ಆ ದನಿ ಈಗಲೂ ಕೇಳಿಸುತ್ತದೆ. ಯಾರದೆಂದು ಮಾತ್ರ ತಿಳಿಯದು. ಅಕ್ಕತಂಗಿಯರ ದನಿ ಒಂದೇ ಥರ.

ಬಚ್ಚಲ ನೀರು ನಿಂತು ಸದಾ ಕೆಸರಾಗಿದ್ದ ಮೂಲೆಯಲ್ಲಿ ಚಿಗವ್ವ ಆ ವಾಸನೆಯಿಲ್ಲದ ಮೆಳೆಯ ಸಸಿಯನ್ನೇ ನೆಟ್ಟಳು. ಬೇರೆ ಗಿಡ ಕೊಳೆಯುತ್ತಿದ್ದ ಆ ಜಾಗ ಕೇದಿಗೆಗೆ ಹಿಡಿಸಿತು. ಕೋಲಿನಂಥ ಬೇರು ಇಳಿಬಿಟ್ಟು, ಮುಳ್ಳೆಲೆ ಚಾಚಿ ಗೋಡೆ ಮುಟ್ಟಿತು.

'ಯಾರ ಮೊದಲ ಬರ್ತಾರವಾ, ಹೂವೋ ನಿನ್ನ ಗಂಡನೋ?' ಎಂದು ಪಕ್ಕದ ಮನೆಯವಳು ಚಾಷ್ಟಿ ಮಾಡುತ್ತಿದ್ದಳು.

'ಹೂವ ಬರತೈತಿ ಬಿಡ್ರಿ. ಅದೇನ ಬಸ್ ಹಿಡೀಬೇಕಾಗಿಲ್ಲ.'

ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಾಗ ಗಿಡ ಬಿಟ್ಟಿತು. ಹೂವಲ್ಲ, ಅನಾನಸಿನಂಥ ಹಸಿರು ಕಾಯಿ. ಕೇದಿಗೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಮುಡಿಯುವ ಘಮದ ಹೂ ಗಂಡಿನದು, ಇದು ಹೆಣ್ಣು ಎಂದು ನಾನೇ ಹೇಳಬೇಕಾಯಿತು.

'ಅಂದ್ರ, ಎಷ್ಟ ನೀರ ಹಾಕಿದ್ರೂ?'

'ಇಲ್ಲ ಚಿಗವ್ವಾ.'

'ಇಲ್ಲೂ ಗಂಡಿಗೇ ಮಾನ ಅನ್ನು' ಎಂದು ನಕ್ಕಳು. ಮರುದಿನವೂ ಕಳೆ ಕೀಳುವ ಕುರ್ಚಿಗೆ ಹಿಡಿದು ನೀರಿನ ದಾರಿಯ ಕಸ ತೆಗೆದಳು. ಏನನ್ನು ಕಾಯುತ್ತಿದ್ದಳೋ.

ಕೆಲವು ವರ್ಷಗಳಲ್ಲಿ ಓಣಿಗೆ ಗಟಾರ ಬಂತು. ಬಚ್ಚಲ ನೀರು ಪೈಪಿನಲ್ಲಿ ಹೋಗತೊಡಗಿ ಮೂಲೆ ಒಣಗಿ ಬಿರಿಯಿತು. ಚಿಗವ್ವ ಒಂದು ಕೊಡ ನೀರನ್ನೂ ಹೊತ್ತು ಹಾಕಲಿಲ್ಲ. ಎಲೆ ತುದಿಯಿಂದ ಹಳದಿಯಾಗುತ್ತ ಬಂದದ್ದನ್ನು ಕಟ್ಟೆಯ ಮೇಲೆ ಕುಳಿತು ನೋಡಿದಳು. ಗಂಡ ಬರಲಿಲ್ಲ. ಮುಂದೆ ಜ್ವರ ಬಂದು ಅವಳೂ ಹೋದಳು. ಮುತ್ತೈದೆಯೆಂದು ಹೆರಳಿಗೆ ಯಾರೋ ಸೇವಂತಿಗೆ ಮುಡಿಸಿದರು.

ಆಮೇಲೊಮ್ಮೆ ಊರಿಗೆ ಹೋದಾಗ ಅವ್ವ ಮೆಂತೆ ಪಲ್ಲೆ ಸೋಸುತ್ತಿದ್ದಳು. ಕೇಳಿಬಿಟ್ಟೆ. ಅವಳು ಇವತ್ತಿಗೂ ಉತ್ತರ ಕೊಡದ ಮಾತು ಇಷ್ಟೇ: 'ಅವ್ವಾ, ವಾಸನಿ ಇಲ್ಲದ್ದರಾಗಿಂದ ಕೀಳು ಅಂದಾಕಿ ನೀನೋ, ಚಿಗವ್ವನೋ?'