ಹಗ್ಗ ಮುಟ್ಟದ ಅಸಿಸ್ಟಂಟ್

ಮೂಡಲಗಿಯ ಚಹಾದಂಗಡಿ ಮುಂದೆ ಇವತ್ತೊಂದು ಫ್ಲೆಕ್ಸ್ ಕಂಡೆ. ಶಾಸಕ ಸಾಹೇಬರ ಬಾಜೂ ಕೈಮುಗಿದು ನಿಂತಿದ್ದಾನೆ ನಮ್ಮೂರ ಪರಪ್ಪ. ಕೆಳಗೆ ‘ಆಪ್ತ ಸಹಾಯಕರು’ ಎಂಬ ದಪ್ಪ ಅಕ್ಷರ. ಆಹಾ, ಸಹಾಯಕ!

ಹಿಂದೊಮ್ಮೆ ನಮ್ಮೂರ ನಾಟಕದ ಪರದೆ ಎಳೆಯಲು ಇಟ್ಟುಕೊಂಡಿದ್ದು ಈ ಮಹಾಶಯನನ್ನೇ. “ಕೈಯಾಳು ಅನಬ್ಯಾಡ್ರಿ, ಅಸಿಸ್ಟಂಟ್ ಮ್ಯಾನೇಜರ್ ಅನ್ರಿ” ಎಂದು ಹಟ ಹಿಡಿದು, ಮೈಕಿನಲ್ಲೂ ಹಾಗೇ ಕೂಗಿಸಿಕೊಂಡ. ಆಮೇಲೆ ಅವನ ಕೈಗೆ ಪರದೆಯ ಹಗ್ಗ ಮೈಲಿಗೆಯಾಯಿತು.

ನನ್ನ ಕಾಕಾನದು ರಾಜನ ಪಾತ್ರ. ಮುಖಕ್ಕೆ ಅರದಾಳದ ಬಣ್ಣ ಬಳಿದುಕೊಂಡು, ತಗಡಿನ ಕವಚ ತೊಟ್ಟು, ರಂಗ ನಡುಗುವಂತೆ ಗುಡುಗಿ ಸತ್ತುಬಿದ್ದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪರದೆ ಮಾತ್ರ ಬೀಳಲಿಲ್ಲ.

“ಎಳಿಯೋ ಪರಪ್ಪ” ಎಂದು ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರರು ಹಲ್ಲು ಕಡಿದರು.

ಪರಪ್ಪ ಎಲೆಅಡಿಕೆ ಜಗಿಯುತ್ತ, “ಹಗ್ಗಕ್ಕ ಬ್ಯಾರೆ ಆಳ ಹಚ್ರಿ ಮಾಸ್ತರ, ನಾ ಅಸಿಸ್ಟಂಟ್ ಅದೇನಿ” ಎಂದ.

ಕಾದು ಕಾದು ಸತ್ತ ರಾಜನೇ ಎದ್ದು ಹೋಗಿ ಹಗ್ಗ ಎಳೆದ. “ಹೆಣ ಎದ್ದತಲೇ” ಎಂದು ಊರೇ ಬಿದ್ದು ಬಿದ್ದು ನಕ್ಕಿತು. ಕಾಕಾ ಮತ್ತೆಂದೂ ಬಣ್ಣ ಹಚ್ಚಲಿಲ್ಲ.

ಇವತ್ತು ಫ್ಲೆಕ್ಸಿನ ಹಗ್ಗ ಬಿಚ್ಚಿಕೊಂಡು, ಸಹಾಯಕರ ಮುಖ ಗಟಾರದ ಕಡೆ ಜೋತಾಡುತ್ತಿತ್ತು. “ಅದಷ್ಟು ಜಗ್ಗಿ ಕಟ್ರಿ ಅಣ್ಣಾರ” ಎಂದ ನನಗೆ ಚಹಾದವ.

“ಬ್ಯಾರೆ ಆಳ ಹಚ್ಚೋ ತಮ್ಮಾ” ಎಂದು ಚಹಾ ಮುಗಿಸಿ ಎದ್ದೆ.