ರೇಣು ಆಂಟಿ ಹಿಮನದಿ ಹತ್ತಿದ್ದು

ಗದಿಗೆಪ್ಪ ಅಂಕಲ್ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಮೆರಿಕದ ಮಾನ್ಮತ್ ಜಂಕ್ಷನ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು, ಧಾರವಾಡದ ಕಡೆಯವರು. ಅವರ ಹೆಂಡತಿ ರೇಣು ಆಂಟಿಗೆ ಶಾಲೆಯೊಂದರ ಕೆಫೆಟೇರಿಯಾದಲ್ಲಿ ಕೆಲಸ. ಕಂಡವರ ಮಕ್ಕಳಿಗೆಲ್ಲ ಬಡಿಸಿ ಬಂದು ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುತ್ತಾರೆ. ಬಿಸಿ ಜೋಳದ ರೊಟ್ಟಿ ಇಲ್ಲದಿದ್ದರೆ ಅಂಕಲ್‌ಗೆ ಊಟ ಸೇರುವುದಿಲ್ಲ. ಸೇರದಿದ್ದರೆ ಉಪವಾಸ ಇರಲಿ ಎಂದು ನಾನಾಗಿದ್ದರೆ ಅನ್ನುತ್ತಿದ್ದೆ.

ಆಂಟಿಗೆ ಇದ್ದದ್ದು ಒಂದೇ ಆಸೆ, ಹಿಮನದಿಯ ಮೇಲೆ ನಡೆಯಬೇಕು. ಮೊಣಕಾಲು ಸವೆಯುತ್ತಿದೆ, ಈಗ ಬಿಟ್ಟರೆ ಇನ್ನು ಆಗದು. ಅದಕ್ಕೆಂದೇ ನಾನು, ನನ್ನ ಗಂಡ ಸುಮೀತ್, ಅವರಿಬ್ಬರು ನ್ಯೂವಾರ್ಕ್‌ನಿಂದ ಐಸ್‌ಲ್ಯಾಂಡಿಗೆ ಹಾರಿದೆವು.

ಅಲ್ಲಿ ವ್ಯಾನ್ ಓಡಿಸಿದ್ದೂ ಆಂಟಿಯೇ. ಒಂದು ಕಡೆ ಸಮುದ್ರ, ಕಪ್ಪು ಮರಳು. ಇನ್ನೊಂದು ಕಡೆ ಜ್ವಾಲಾಮುಖಿ ಉಗುಳಿದ ಕಲ್ಲಿನ ಬಯಲು, ಅದರಾಚೆ ಬೆಟ್ಟದಿಂದ ಇಳಿದ ಹಿಮ. ನಮ್ಮೂರ ರೂಟ್ ಒನ್ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಪಳಗಿದ ಕೈ, ಗಾಳಿಗೆ ವ್ಯಾನ್ ಅಲ್ಲಾಡಿದರೂ ಜಗ್ಗಲಿಲ್ಲ. ಅಂಕಲ್ ಪಕ್ಕದಲ್ಲಿ ಗೊರಕೆ ಹೊಡೆದರು. ಎಲ್ಲಿ ತಂಗಿದರೂ ಒಲೆ ಮುಂದೆ ಆಂಟಿ. ನಾನು ಕೈಹಾಕಲು ಹೋದರೆ, "ನಿನ್ನ ರೊಟ್ಟಿ ಅವರು ತಿನ್ನಂಗಿಲ್ಲವ್ವಾ, ಬಿಡು," ಎನ್ನುವರು.

ಹಿಮನದಿಗೆ ಹೋಗುವ ಬೆಳಿಗ್ಗೆ ಕಾಟೇಜ್‌ನಲ್ಲಿ ವಿಷಯ ಬಯಲಾಯಿತು. ಅಂಕಲ್ ಮೂರೇ ಟಿಕೆಟ್ ಬುಕ್ ಮಾಡಿದ್ದರು.

"ಅಕಿಗೆ ಮೊಣಕಾಲ ನೋವದ. ಇಲ್ಲೇ ಇದ್ರ ನಾವು ಬರೂದ್ರಾಗ ರೊಟ್ಟಿನೂ ಆಗ್ತಾವ," ಎಂದರು, ಭಾರಿ ಉಪಕಾರ ಮಾಡಿದವರ ಹಾಗೆ.

ನನ್ನ ಮೈಯೆಲ್ಲ ಉರಿಯಿತು. "ಅಂಕಲ್, ಅವ್ರನ್ನ ಒಂದು ಮಾತು ಕೇಳಿದ್ರಾ? ಈ ಟ್ರಿಪ್ ಪ್ಲಾನ್ ಮಾಡಿದ್ದು ಯಾರಿಗೋಸ್ಕರ?" ಎಂದೆ. ಸುಮೀತ್ ಸುಮ್ಮನಿರು ಎಂದು ನನ್ನ ತೋಳು ಜಗ್ಗಿದ. ಅವನ ಮೇಲೂ ರೇಗಿತು.

ಆಂಟಿ ಒಲೆ ಆರಿಸಿದರು. ಹಿಟ್ಟಿನ ಚೀಲ ತಂದು ಅಂಕಲ್ ಮುಂದೆ ಕುಕ್ಕಿದರು. ಬೂಟು ಹಾಕಿಕೊಂಡು ವ್ಯಾನಿನ ಕೀ ಎತ್ತಿಕೊಂಡರು.

"ನಿಮ್ಮ ಟಿಕೆಟ್ ಮ್ಯಾಲೆ ನಾ ಹೊಂಟೀನಿ. ಹಸಿವಾದ್ರ ಮಾಡ್ಕೊಂಡು ತಿನ್ರಿ."

ನಾನೂ ಸುಮೀತನೂ ಓಡಿಹೋಗಿ ವ್ಯಾನ್ ಹತ್ತಿದೆವು.

ಗೈಡ್ ಹುಡುಗಿ ಆಂಟಿಯ ಬೂಟಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿ, ಕೈಹಿಡಿದು ಹತ್ತಿಸಿದಳು. ನೀಲಿ ಹಿಮದ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಫೋನ್ ಬಂತು. ಆಂಟಿ ಸ್ಪೀಕರ್‌ಗೆ ಹಾಕಿದರು.

"ರೇಣು, ಹಿಟ್ಟಿಗೆ ಬಿಸಿನೀರ ಹಾಕಬೇಕೋ, ತಣ್ಣೀರೋ?"

ಆಂಟಿ ನಿಂತುಬಿಟ್ಟರು. "ಮೂವತ್ತು ವರ್ಷ ನನ್ನ ಬೆನ್ನಿಗೇ ಕುಂತು ತಿಂದೀರಿ," ಎಂದರು. "ಒಂದಿನರ ಕತ್ತೆತ್ತಿ ನೋಡಿದ್ರ ಗೊತ್ತಾಗ್ತಿತ್ತು."

ಫೋನ್ ಆರಿಸಿ, ಗೈಡ್ ಹಿಂದೆ ಹತ್ತತೊಡಗಿದರು.